ಮೂರು ಮಾರು ಕೇಬಲ್

ಆ ಟ್ಯಾಂಕರಿಗೆ ಬೇಕಾಗಿದ್ದದ್ದು ಒಂದು ಮಾರು ಕೇಬಲ್. ನಾವು ಹಾಕಿದ್ದು ಮೂರು ಮಾರು. ಕ್ಯಾಬಿನ್ನಿನ ನೆತ್ತಿಯ ಮೇಲಿದ್ದ ಆಂಟೆನಾದಿಂದ ಡ್ರೈವರನ ಪಕ್ಕದಲ್ಲಿದ್ದ ವೈರ್‌ಲೆಸ್ ಸೆಟ್ಟಿನವರೆಗೆ ಆರಡಿ ಸಾಕಿತ್ತು. ಉಳಿದ ಹನ್ನೆರಡು ಅಡಿಯನ್ನು ಸಿಂಬಿ ಸುತ್ತಿ, ಕ್ಯಾಬಿನ್ನಿಗೂ ನೀರಿನ ಟ್ಯಾಂಕಿಗೂ ನಡುವಿನ ಸಂದಿಯಲ್ಲಿ ಕಟ್ಟಿದವಳು ನಾನೇ. ಅಂದವಾಗಿ ಕಟ್ಟಿದ್ದೆ. ಈಗ ಅದನ್ನು ನೆನೆದರೆ ನನ್ನ ಕೈಗಳ ಮೇಲೆಯೇ ನನಗೆ ಸಿಟ್ಟು ಬರುತ್ತದೆ. ಆ ಟ್ಯಾಂಕರನ್ನು ಓಡಿಸುತ್ತಿದ್ದವನು ನಮ್ಮಪ್ಪ.

ಹೊಸಪೇಟೆಯ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮ ಅಂಗಡಿ. ನಮ್ಮದು ಎನ್ನುವುದು ಬಾಯಿಮಾತು, ಮಾಲೀಕರು ಬೇರೆ. ಸಂಡೂರಿನ ಗಣಿಗಳ ಜೀಪು, ಟಿಪ್ಪರುಗಳಿಗೆ ವೈರ್‌ಲೆಸ್ ಸೆಟ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಕೆಲಸ. ಗುಡ್ಡ ಕೊರೆದು ಮಾಡಿದ ಆ ಹೊಂಡಗಳೊಳಗೆ ಮೊಬೈಲ್ ಫೋನು ಹಿಡಿಯುವುದಿಲ್ಲ. ಹಿಡಿಯುವ ಕಡೆ ಒಯ್ಯಲು ಬಿಡುವುದಿಲ್ಲ. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕೆಂದರೆ ಈ ಸೆಟ್ಟೇ ಗತಿ. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಗಣಿಗೆ ರಿಪೇರಿಗೆಂದು ಬಂದಿದ್ದ ನಮ್ಮ ಅಂಗಡಿಯ ಮೇಸ್ತ್ರಿಯನ್ನು ಅಪ್ಪನೇ ತಡೆದು ನಿಲ್ಲಿಸಿ, "ನನ್ನ ಮಗಳು ಇದನ್ನs ಓದ್ಯಾಳ್ರಿ" ಎಂದಿದ್ದನಂತೆ. ಹಾಗೆ ಸಿಕ್ಕ ಕೆಲಸ ಇದು. ಕಂಪ್ಲಿಯ ಗದ್ದೆಗಳಲ್ಲಿ ಕೂಲಿಗೆ ನಾಟಿ ಹಚ್ಚಿದ ಮನೆತನ ನಮ್ಮದು. ಅಪ್ಪ ಸ್ಟೇರಿಂಗ್ ಹಿಡಿದದ್ದೇ ಒಂದು ದೊಡ್ಡ ಸುದ್ದಿಯಾಗಿದ್ದ ಕಾಲವಿತ್ತು. ಆಮೇಲೆ ನಾನು ಸ್ಕ್ರೂಡ್ರೈವರ್ ಹಿಡಿದೆ. ಅಪ್ಪನ ಟ್ಯಾಂಕರಿಗೆ ನಾನೇ ಸೆಟ್ ಕೂರಿಸಿದ ದಿನ, ಅವನು ಗಣಿಯ ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಚಹಾ ಕುಡಿಸಿದ್ದ.

ಮೇಸ್ತ್ರಿಗೆ ಒಂದು ನಿಯಮವಿತ್ತು. ಆಂಟೆನಾದ ಡಬ್ಬಿಯಲ್ಲಿ ಬಂದ ಕೇಬಲ್ಲನ್ನು ಕತ್ತರಿಸಬಾರದು. ಅದು ಮೂರು ಮಾರು ಇರುತ್ತದೆ, ಮೂರು ಮಾರೇ ಇರಬೇಕು. ಹಳೆಯ ಕೇಬಲ್ ಹೋಗಿ ಸುರುಳಿಯಿಂದ ಹೊಸದು ಹಾಕಬೇಕಾಗಿ ಬಂದರೂ ಅವರು ಎರಡೂ ಕೈ ಅಗಲಿಸಿ, ಹೂ ಮಾರುವವರು ಅಳೆಯುವ ಹಾಗೆ ಒಂದು, ಎರಡು, ಮೂರು ಎಂದು ಅಳೆದೇ ಕೊಡುತ್ತಿದ್ದರು. ಜೀಪಾದರೂ ಅಷ್ಟೇ, ಟಿಪ್ಪರಾದರೂ ಅಷ್ಟೇ. ಮಿಕ್ಕಿದ್ದನ್ನು ಸಿಂಬಿ ಸುತ್ತಿ ಎಲ್ಲಾದರೂ ತುರುಕಬೇಕು. ಹಿಂದೆ ಯಾವನೋ ಒಬ್ಬ ಕೇಬಲ್ ಕತ್ತರಿಸಿ, ತುದಿಯ ಕನೆಕ್ಟರನ್ನು ಕೆಟ್ಟದಾಗಿ ಬೆಸೆದು, ಸೆಟ್ ಸತ್ತುಹೋಗಿತ್ತಂತೆ. ತಪ್ಪು ಬೆಸುಗೆಯದು. ಆದರೆ ಅಪವಾದ ಕತ್ತರಿಯ ಮೇಲೆ ಬಿತ್ತು. ಅಂದಿನಿಂದ ಮೂರು ಮಾರು ಎನ್ನುವುದು ನಮ್ಮ ಅಂಗಡಿಯಲ್ಲಿ ಶಾಸ್ತ್ರವಾಯಿತು.

ನಾನು ಓದಿದ ಪುಸ್ತಕದಲ್ಲಿ ಬೇರೆ ಇತ್ತು. ಆಂಟೆನಾ, ಕೇಬಲ್, ಸೆಟ್ ಒಂದಕ್ಕೊಂದು ಹೊಂದಿಕೊಂಡಿದ್ದರೆ ಕೇಬಲ್ಲಿನ ಉದ್ದದಲ್ಲಿ ಯಾವ ಮಂತ್ರವೂ ಇಲ್ಲ. ಉದ್ದವಾದಷ್ಟೂ ಅದು ದಾರಿಯಲ್ಲಿ ಒಂದಿಷ್ಟು ಶಕ್ತಿಯನ್ನು ತಿನ್ನುತ್ತದೆ, ಅಷ್ಟೇ. ಹಾಗಾಗಿ ಬೇಕಾದಷ್ಟೇ ಹಾಕು ಎನ್ನುತ್ತದೆ ಪುಸ್ತಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮೇಸ್ತ್ರಿಗೆ ಇದನ್ನು ಹೇಳಿದೆ.

"ನಿನ್ನ ಪುಸ್ತಕ ಸಂಡೂರು ಗುಡ್ಡ ಹತ್ತೈತೇನು ತಂಗಿ?" ಎಂದರು ಅವರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇದ್ದಿದ್ದರೆ ಚೆನ್ನಾಗಿತ್ತು.

ಗಣಿಯಲ್ಲಿ ಬಂಡೆ ಸಿಡಿಸುವ ಬ್ಲಾಸ್ಟಿಂಗ್ ನಡೆಯುವುದು ಮಧ್ಯಾಹ್ನ, ಊಟದ ಹೊತ್ತಿಗೆ. ಅದಕ್ಕೆ ಮುಂಚೆ ಕಂಟ್ರೋಲ್ ರೂಮಿನವರು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಒಂದೊಂದೇ ಗಾಡಿಯ ನಂಬರ್ ಕರೆಯುತ್ತಾರೆ. ಪ್ರತಿ ಡ್ರೈವರೂ ತಾನು ಎಲ್ಲಿದ್ದೇನೆಂದು ಸೆಟ್ಟಿನಲ್ಲಿ ಹೇಳಬೇಕು. ಒಬ್ಬ ಉತ್ತರ ಕೊಡದಿದ್ದರೂ ಬ್ಲಾಸ್ಟಿಂಗ್ ನಿಲ್ಲುತ್ತದೆ. ಜೀಪು ಹೋಗಿ ಅವನನ್ನು ಹುಡುಕಿ ಕರೆತರುವವರೆಗೆ ಇಡೀ ಗಣಿ ಕೈಕಟ್ಟಿ ಕೂತಿರುತ್ತದೆ. ನಿಯಮ ಸರಿಯಾದದ್ದೇ. ಅದರಿಂದ ಜೀವ ಉಳಿಯುತ್ತದೆ. ನನ್ನ ತಕರಾರು ನಿಯಮದ ಮೇಲೆ ಅಲ್ಲ.

ಅಪ್ಪನ ಕೆಲಸ ಗಣಿಯೊಳಗಿನ ರಸ್ತೆಗಳಿಗೆ ದೂಳು ಏಳದಂತೆ ನೀರು ಹೊಡೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಆ ವರ್ಷ ಒಂದೇ ವಾರದಲ್ಲಿ ಎರಡು ಸಲ ಅವನ ಟ್ಯಾಂಕರ್ ಹಾಜರಿಗೆ ಉತ್ತರ ಕೊಡಲಿಲ್ಲ. ಎರಡೂ ಸಲ ಅವನು ಹೊಂಡದ ಕೆಳಮಟ್ಟದಲ್ಲಿದ್ದ. ಸೇಫ್ಟಿ ಆಫೀಸರು ಬೈದು ಬಿಟ್ಟರು. ಮೂರನೆಯ ಸಲ ಅವರೇ ಜೀಪಿನಲ್ಲಿ ಹುಡುಕಿಕೊಂಡು ಹೋದರು. ತಿರುವಿನ ನೆರಳಿನಲ್ಲಿ ಟ್ಯಾಂಕರ್ ನಿಂತಿತ್ತು. ಪಕ್ಕದ ಸೀಟಿನಲ್ಲಿ ಬುತ್ತಿ ಬಿಚ್ಚಿತ್ತು. ಅಪ್ಪನ ತಲೆ ಸ್ಟೇರಿಂಗಿನ ಕೆಳಕ್ಕೆ ಬಾಗಿತ್ತು. ಉಂಡು ನಿದ್ದೆ ಹೊಡೆಯುತ್ತಿದ್ದಾನೆ ಎಂದು ಅವರು ಅಲ್ಲೇ ತೀರ್ಮಾನ ಮಾಡಿದರು.

ಅಂದು ಸಂಜೆ ಚಿತ್ತವಾಡ್ಗಿಯ ನಮ್ಮ ಬಾಡಿಗೆ ಮನೆಯಲ್ಲಿ ಅಪ್ಪ ಉಣ್ಣುತ್ತಿದ್ದಾಗ ನಾನು ಕೇಳಿದೆ.

"ಕಣ್ಣು ಹತ್ತಿತ್ತೇನಪ್ಪಾ?"

"ಇಲ್ಲವ್ವಾ. ಹಾಜರಿ ಟೈಮ್ ಆಗಿತ್ತು, ಯಾರೂ ಕರಿಲಿಲ್ಲ. ನಾನs ಮೈಕ್ ಹಿಡ್ಕಂಡು ಕೆಳಗ ಅದೀನಿ, ಕೆಳಗ ಅದೀನಿ ಅಂತ ಒದರಿದೆ. ಯಾರೂ ಓ ಅನ್ಲಿಲ್ಲ. ಏನರ ಕೇಳಸ್ತೈತೇನೋ ಅಂತ ಬಗ್ಗಿ ಸೆಟ್ಟಿಗೆ ಕಿವಿ ಹಚ್ಚಿದ್ದೆ. ಅಷ್ಟೊತ್ತಿಗೆ ಸಾಹೇಬ್ರು ಬಂದ್ರು."

"ಸೆಟ್ ಚಲೋ ಐತಪ್ಪಾ. ಹೋದ ತಿಂಗಳs ನೋಡೀನಿ. ನೆನಪು ಮಾಡ್ಕೋ, ಉಂಡ ಮ್ಯಾಲೆ ಒಂದ್ ಗಳಿಗಿ ಏನರ..."

ಅಪ್ಪ ತಾಟಿನಲ್ಲಿದ್ದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ. ಅವ್ವ ನನ್ನನ್ನು ನೋಡಿದಳು. ನನಗೆ ಆಗ ಅನ್ನಿಸಿದ್ದು, ಮೂರು ಸಲ ತಪ್ಪಿದ ಮೇಲೆ ಅಪ್ಪ ಒಪ್ಪಿಕೊಂಡುಬಿಟ್ಟರೆ ಬೈಸಿಕೊಂಡು ಮುಗಿದುಹೋಗುತ್ತದಲ್ಲ ಎಂದು. ಅವನಿಗೆ ಬುದ್ಧಿ ಹೇಳಿದೆನೆಂದುಕೊಂಡೇ ಮಲಗಿದೆ.

ಮಾರನೆಯ ದಿನ ಗಣಿಯಿಂದ ಅಂಗಡಿಗೆ ಫೋನು ಬಂತು. ಡ್ರೈವರ್ ಸೆಟ್ ಕೆಟ್ಟಿದೆ ಎನ್ನುತ್ತಿದ್ದಾನೆ, ಬಂದು ಪರೀಕ್ಷೆ ಮಾಡಿ ಬರೆದುಕೊಡಿ ಎಂದರು. ಮೇಸ್ತ್ರಿ, ಮಾಲೀಕರು, ನಾನು ಮೂವರೂ ಹೋದೆವು. ಟ್ಯಾಂಕರನ್ನು ಆಫೀಸಿನ ಎದುರಿಗೇ ತಂದು ನಿಲ್ಲಿಸಿದ್ದರು. ಅಪ್ಪ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ದೂರ ನಿಂತಿದ್ದ. ಅವನು ನನ್ನನ್ನು ನೋಡಿ ಸ್ವಲ್ಪ ನಕ್ಕ. ಮಗಳು ಬಂದಳು, ಇನ್ನು ಸರಿಹೋಗುತ್ತದೆ ಎನ್ನುವ ನಗು ಅದು.

ನಮ್ಮ ಪರೀಕ್ಷೆ ಎಂದರೆ ಒಂದು ಮೀಟರ್. ಅಂಗೈಯಗಲ ಇರುತ್ತದೆ, ಸೆಟ್ಟಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಬೇಕು. ಆಂಟೆನಾ ಸರಿಯಿದ್ದರೆ ಸೆಟ್ಟು ಕಳಿಸಿದ ಶಕ್ತಿ ಗಾಳಿಗೆ ಸೇರುತ್ತದೆ, ಕೆಟ್ಟಿದ್ದರೆ ಕೇಬಲ್ಲಿನಲ್ಲೇ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬಂದದ್ದು ಎಷ್ಟು ಎಂದು ಮುಳ್ಳು ತೋರಿಸುತ್ತದೆ. ಒಂದರ ಹತ್ತಿರ ನಿಂತರೆ ಒಳ್ಳೆಯದು, ಮೂರು ದಾಟಿದರೆ ಕೆಟ್ಟದ್ದು. ನಾನು ಮೈಕಿನ ಗುಂಡಿ ಒತ್ತಿದೆ. ಮುಳ್ಳು ಒಂದೂವರೆಯನ್ನೂ ಮುಟ್ಟಲಿಲ್ಲ. ಎದುರಿಗಿದ್ದ ಕಂಟ್ರೋಲ್ ರೂಮಿನವರು ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಉತ್ತರ ಕೊಟ್ಟರು. ಐವತ್ತು ಹೆಜ್ಜೆ ದೂರದಲ್ಲಿದ್ದವರು ಉತ್ತರ ಕೊಡದೆ ಏನು ಮಾಡುತ್ತಾರೆ!

"ಒಮ್ಮೆ ಕೆಳಗ ಒಯ್ದು ನೋಡೋಣೇನ್ರಿ?" ಎಂದು ಮೇಸ್ತ್ರಿಯ ಕಿವಿಯಲ್ಲಿ ಕೇಳಿದೆ.

"ಮೀಟರ್ ಚಲೋ ತೋರಿಸಾಕತ್ತೈತಿ. ಮತ್ತೇನು ಕೆಳಗ?" ಎಂದರು ಅವರು.

ನಾನು ಎರಡನೆಯ ಸಲ ಕೇಳಲಿಲ್ಲ. ಹಟ ಹಿಡಿದಿದ್ದರೆ, ಅಪ್ಪನನ್ನು ಉಳಿಸಿಕೊಳ್ಳಲು ನಾಟಕ ಮಾಡುತ್ತಿದ್ದಾಳೆ ಅನ್ನುತ್ತಿದ್ದರು. ನಾನು ನೆಟ್ಟಗಿನವಳು, ಅಪ್ಪನಾದರೂ ಸರಿ, ಯಾರಾದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಬರೆಯುವವಳು ಎಂದು ಅಲ್ಲಿದ್ದವರೆಲ್ಲ ತಿಳಿಯಲಿ ಎನ್ನುವ ಆಸೆ ನನಗಿತ್ತು. ಈ ಆಸೆಯನ್ನು ನಾನು ಯಾರ ಮೇಲೂ ಹೊರಿಸಲಾರೆ. ಇದು ನನ್ನದೇ.

ಮಾಲೀಕರು ಪರೀಕ್ಷೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಯಾವಾಗಲೂ ಅದಕ್ಕೆ ಸಹಿ ಮಾಡುತ್ತಿದ್ದವರು ಮೇಸ್ತ್ರಿ.

"ನೀನs ಮಾಡಮ್ಮ ಇವತ್ತು," ಎಂದರು ಮಾಲೀಕರು. "ಮಗಳs ಮಾಡ್ಯಾಳ ಅಂದ್ರ ನಾಳಿ ಯಾರೂ ಬಾಯಿ ಬಿಚ್ಚಂಗಿಲ್ಲ."

ಅದು ನನ್ನ ಮೇಲಿಟ್ಟ ವಿಶ್ವಾಸವೆಂದು ಆಗ ಅನ್ನಿಸಿತು. ಎಂಥ ಪೆದ್ದಿ ನಾನು. ಸೆಟ್, ಕೇಬಲ್, ಆಂಟೆನಾ ಎಲ್ಲವೂ ಸುಸ್ಥಿತಿಯಲ್ಲಿವೆ ಎಂದು ಬರೆದು, ದುಂಡಗೆ ಸಹಿ ಮಾಡಿದೆ. ಸೇಫ್ಟಿ ಆಫೀಸರು ಅದನ್ನು ಓದಿ ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಗಾರ್ಡ್ ಬಂದು ಅಪ್ಪನ ಗೇಟ್ ಪಾಸ್ ತೆಗೆದುಕೊಂಡ. ಅಪ್ಪ ಹೆಲ್ಮೆಟ್ಟನ್ನೂ ಅವನ ಕೈಗೇ ಕೊಟ್ಟು, ನಮ್ಮ ಗಾಡಿಯಲ್ಲಿ ಬಾ ಎಂದರೂ ಬರದೆ, ಸಂಡೂರಿನ ಬಸ್ ಸ್ಟ್ಯಾಂಡಿಗೆ ಹೋಗುವ ಲಾರಿ ಹತ್ತಿದ.

ಅವನು ಮನೆಯಲ್ಲಿ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಬೇರೆ ಗಣಿಗಳಲ್ಲಿ ಡ್ರೈವರ್ ಕೆಲಸ ಕೇಳಿದ. ಆ ಹೊತ್ತಿಗೆ ಸಂಡೂರಿನ ಎಲ್ಲ ಗೇಟುಗಳಲ್ಲೂ ಅವನ ಕಥೆ ಅವನಿಗಿಂತ ಮೊದಲೇ ಹೋಗಿ ಕೂತಿತ್ತು. ಬ್ಲಾಸ್ಟಿಂಗ್ ಟೈಮಿನಲ್ಲಿ ಮಲಗಿದವನು. ಹಂಪಿಯಲ್ಲಿ ಪ್ರವಾಸಿಗಳ ಕಾರು ಓಡಿಸಲು ಕೇಳಿದರೆ, ಆ ಕಾರಿನ ಮಾಲೀಕನ ಭಾವಮೈದ ಇದೇ ಗಣಿಯಲ್ಲಿ ಟಿಪ್ಪರ್ ಡ್ರೈವರ್. ಅಲ್ಲಿಯೂ ಮುಗಿಯಿತು. ಕಂಪ್ಲಿಯಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಹೋದಾಗ, ಊಟದ ಪಂಕ್ತಿಯಲ್ಲಿ ಯಾವನೋ ಒಬ್ಬ ಎಲ್ಲರೆದುರಿಗೆ, "ಮಾವಾ, ಊಟ ಆದ ಮ್ಯಾಲೆ ಇಲ್ಲೇ ಹಾಸಿಗಿ ಹಾಸಸ್ಲೇನು?" ಎಂದ. ಅಪ್ಪ ಎಲೆ ಮಡಿಸಿ ಎದ್ದ. ಆಮೇಲೆ ಅವನು ಯಾವ ಮದುವೆಗೂ ಹೋಗಲಿಲ್ಲ. ಕೊನೆಗೆ ಹಂಪಿಯ ಬಾಳೆ ತೋಟಗಳಲ್ಲಿ ಗೊನೆ ಹೊತ್ತು ಲಾರಿಗೆ ತುಂಬುವ ಕೆಲಸ ಹಿಡಿದ. ಐವತ್ತು ದಾಟಿದವನ ಹೆಗಲಿಗೆ ಆ ಕೆಲಸ.

ಐದು ತಿಂಗಳ ಮೇಲೆ ಅದೇ ಟ್ಯಾಂಕರ್ ಬಾಡಿ ಕೆಲಸಕ್ಕೆಂದು ಹೊಸಪೇಟೆಯ ಒಂದು ಗ್ಯಾರೇಜಿಗೆ ಬಂತು. ಹೊಸ ಡ್ರೈವರನೂ ಕೆಳಗೆ ಸೆಟ್ ಹಿಡಿಯುತ್ತಿಲ್ಲ ಎನ್ನುತ್ತಿದ್ದನಂತೆ. ಒಮ್ಮೆ ನೋಡು ಎಂದು ಮೇಸ್ತ್ರಿ ನನ್ನನ್ನು ಕಳಿಸಿದರು. ಗ್ಯಾರೇಜಿನವರು ಕ್ಯಾಬಿನ್ನಿನ ನೆತ್ತಿಗೆ ಬಣ್ಣ ಹೊಡೆಯಲು ಆಂಟೆನಾವನ್ನು ಬುಡದಿಂದ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ನಾನು ಅದನ್ನು ಗಮನಿಸದೆ ಮೀಟರ್ ಸಿಕ್ಕಿಸಿ ಗುಂಡಿ ಒತ್ತಿದೆ. ಮುಳ್ಳು ಒಂದೂವರೆಯನ್ನೂ ಮುಟ್ಟಲಿಲ್ಲ. ಎಲ್ಲ ಸರಿಯಿದೆ ಎಂದು ಕೆಳಗಿಳಿದಾಗ, ಆಂಟೆನಾ ನೆಲದ ಮೇಲೆ ಬಣ್ಣದ ಡಬ್ಬಿಯ ಪಕ್ಕದಲ್ಲಿ ಬಿದ್ದಿರುವುದು ಕಂಡಿತು.

ಆಂಟೆನಾವೇ ಇಲ್ಲದ ಗಾಡಿಯನ್ನು ಮೀಟರ್ ಒಳ್ಳೆಯದು ಎನ್ನುತ್ತಿತ್ತು.

ಕ್ಯಾಬಿನ್ನಿನ ಹಿಂದಿನ ಸಂದಿಗೆ ಕೈಹಾಕಿ ನಾನೇ ಕಟ್ಟಿದ್ದ ಸಿಂಬಿಯನ್ನು ಬಿಚ್ಚಿದೆ. ಟ್ಯಾಂಕಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಕಪ್ಪು ಹೊದಿಕೆ ಎರಡು ಕಡೆ ಹರಿದಿತ್ತು. ದಿನವಿಡೀ ಟ್ಯಾಂಕಿನಿಂದ ತುಳುಕುವ ನೀರು ಅಲ್ಲಿಂದ ಒಳಗೆ ಇಳಿದಿತ್ತು. ಚಾಕುವಿನಿಂದ ಸೀಳಿದರೆ ಒಳಗಿನ ತಾಮ್ರದ ಹೆಣಿಗೆ ಕೊಳೆತು ಕರ್ರಗಾಗಿ, ಬೆರಳಿಗೆ ಹಸಿರು ಹತ್ತಿತು. ಒಣ ಕೇಬಲ್ ಮೂರು ಮಾರು ಇದ್ದರೂ ತಿನ್ನುವುದು ಸ್ವಲ್ಪವೇ. ನೀರು ಕುಡಿದ ಕೇಬಲ್ ಎಲ್ಲವನ್ನೂ ತಿನ್ನುತ್ತದೆ. ಸೆಟ್ಟಿನಿಂದ ಹೋಗುವುದರಲ್ಲಿ ಬಹುಪಾಲು ತಿಂದಿತು. ಆಫೀಸಿನ ಎದುರಿಗಾದರೆ ಮಿಕ್ಕಿದ್ದಷ್ಟೇ ಸಾಕಿತ್ತು, ಹೊಂಡದ ತಳದಲ್ಲಿ ಹೋಗುವ ಮಾತೂ ಬರುವ ಮಾತೂ ಮುಟ್ಟಲಿಲ್ಲ. ಆ ತುದಿಯಿಂದ ಹಿಂದಕ್ಕೆ ಬರುವುದರಲ್ಲೂ ತಿಂದಿತು. ಈ ತುದಿಯಲ್ಲಿ ಕೂತ ಮೀಟರಿಗೆ ಹಿಂದಕ್ಕೆ ಬಂದದ್ದು ಏನೂ ಕಾಣಲಿಲ್ಲ, ಆದ್ದರಿಂದ ಚಲೋ ಐತಿ ಎಂದಿತು. ಕೇಬಲ್ ಕೆಟ್ಟಷ್ಟೂ ಮೀಟರ್ ಚೆನ್ನಾಗಿ ತೋರಿಸುತ್ತದೆ. ಇದು ನನ್ನ ಪುಸ್ತಕದಲ್ಲಿ ಇತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸು ತೆಗೆದುಕೊಂಡಿದ್ದೆ. ಅಪ್ಪನ ಟ್ಯಾಂಕರಿನಲ್ಲಿ ಕೂತಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಒಂದು ಮಾರು ಹೊಸ ಕೇಬಲ್ ಹಾಕಿದೆ. ಕ್ಯಾಬಿನ್ನಿನ ಒಳಗೇ, ಒಣ ಜಾಗದಲ್ಲಿ, ಒಂದು ಗೇಣೂ ಹೆಚ್ಚಿಲ್ಲದಂತೆ. ಎರಡು ದಿನದ ಮೇಲೆ ಆ ಡ್ರೈವರ್ ಹೊಂಡದ ತಳದಲ್ಲಿ ನಿಂತು ಮಾತಾಡಿದ್ದು ಕಂಟ್ರೋಲ್ ರೂಮಿಗೆ ಸ್ಪಷ್ಟವಾಗಿ ಕೇಳಿಸಿತಂತೆ. ಹತ್ತು ನಿಮಿಷದ ಕೆಲಸ ಅದು.

ಕೊಳೆತ ಕೇಬಲ್ಲನ್ನು ಅಂಗಡಿಯ ಮೇಜಿನ ಮೇಲೆ ಹಾಕಿ, ಗಣಿಗೆ ಕಾಗದ ಬರೆಯಬೇಕು ಎಂದೆ. ಮಾಲೀಕರು ಅದನ್ನು ಪೆನ್ನಿನ ತುದಿಯಿಂದ ಹೊರಳಿಸಿ ನೋಡಿದರು.

"ಬರದ್ರ ಏನಾಕ್ಕೈತಿ ಗೊತ್ತೈತೇನಮ್ಮ? ಇಷ್ಟು ದಿನ ಹಾಕಿದ್ದೆಲ್ಲಾ ಬಿಚ್ಚಿ ತೋರ್ಸು ಅಂತಾರ. ಅಂಗಡಿ ಬಾಗಲಾ ಹಾಕಬೇಕಾಕ್ಕೈತಿ. ನಿಮ್ಮಪ್ಪಗ ಮತ್ತ ಕೆಲಸ ಕೊಡ್ತಾರ ಅಂತೇನಿಲ್ಲ. ಬ್ಯಾಡ."

ಮೇಸ್ತ್ರಿ ಕೇಬಲ್ಲನ್ನು ಕೈಗೆತ್ತಿಕೊಂಡು, ಹರಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ಮತ್ತೆ ಇಟ್ಟರು. ಅವರಿಗೂ ನೋವಾಯಿತು ಎಂದು ಆಗ ಅಂದುಕೊಂಡೆ. ಮುಂದಿನ ವಾರದಿಂದ ಅವರು ಪ್ರತಿ ಗಾಡಿಗೂ ಅಳೆದು ಬೇಕಾದಷ್ಟೇ ಕೇಬಲ್ ಹಾಕತೊಡಗಿದರು. ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ, "ಕೇಬಲ್ ಗಿಡ್ಡ ಇದ್ದಷ್ಟೂ ಚಲೋರೀ, ನಾ ಮೊದಲಿಂದ ಇದನ್ನs ಹೇಳ್ಕಂತ ಬಂದೀನಿ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ನನ್ನ ಕಡೆ ನೋಡಲೂ ಇಲ್ಲ. ಆ ಕ್ಷಣಕ್ಕೆ ನನಗೆ ಅವರ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ.

ಮಾಲೀಕರಿಗೆ ಹೇಳದೆ ನಾನೇ ಕಾಗದ ಬರೆದು ಸಂಡೂರಿಗೆ ಹೋದೆ. ಸೇಫ್ಟಿ ಆಫೀಸರು ಕೂರಿಸಿ ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ಎದ್ದು ಹೋಗಿ ಹಳೆಯ ಫೈಲಿನಿಂದ ನನ್ನ ಸಹಿಯಿದ್ದ ಹಾಳೆಯನ್ನು ತಂದು, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಇದರಾಗ ಎಲ್ಲಾ ಚಲೋ ಐತಿ ಅಂತ ಬರದೀರಿ. ಇದರಾಗ ಎಲ್ಲಾ ಕೆಟ್ಟಿತ್ತು ಅಂತೀರಿ. ಎರಡೂ ನಿಮ್ಮವs ಸಹಿ. ಯಾವದನ್ನ ನಂಬ್ಲಿ ಹೇಳ್ರಿ?"

ಕೇಬಲ್ ತುಂಡನ್ನು ಚೀಲದಿಂದ ತೆಗೆದು ತೋರಿಸಿದೆ. ಅದು ಯಾವ ಗಾಡಿಯದು ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಹೊಸ ಡ್ರೈವರನನ್ನು ಕೇಳಿ ಎಂದರೆ, ಅಂದಿನದು ಅವನಿಗೇನು ಗೊತ್ತು ಎಂದರು. ಸಾಕ್ಷಿ ನಾನೇ. ನನ್ನ ಮಾತಿಗೆ ಬೆಲೆ ಇಲ್ಲದ ಹಾಗೆ ಐದು ತಿಂಗಳ ಹಿಂದೆ ನಾನೇ ಬರೆದುಕೊಟ್ಟಿದ್ದೆ. ಅವರು ಚಹಾ ತರಿಸಿದರು. ಕುಡಿಯದೆ ಎದ್ದೆ. ಅಂಗಡಿಯ ಕೆಲಸವನ್ನೂ ತಿಂಗಳೊಳಗೆ ಬಿಟ್ಟೆ. ಬಿಟ್ಟದ್ದು ಶೂರತನವಲ್ಲ, ಮಾಲೀಕರು ಬರಬೇಡ ಎನ್ನುವ ಮೊದಲೇ ನಾನು ಹೋಗುವುದಿಲ್ಲ ಎಂದೆ, ಅಷ್ಟೇ. ಈಗ ಹೊಸಪೇಟೆಯಲ್ಲಿ ಇನ್ವರ್ಟರ್, ಸಿಸಿಟಿವಿ ರಿಪೇರಿ ಮಾಡುತ್ತೇನೆ.

ಸಂಡೂರಿನಿಂದ ಬಂದ ಆ ದಿನ ಮನೆಗೆ ಹೋಗಲು ಮನಸ್ಸಾಗದೆ, ಬಸ್ ಸ್ಟ್ಯಾಂಡಿನಿಂದ ನೇರವಾಗಿ ಹಂಪಿಯ ಬಸ್ ಹತ್ತಿದೆ. ಗಣಿಯವರು ನಂಬದಿದ್ದರೆ ಹಾಳಾಗಲಿ, ಅಪ್ಪನಿಗಾದರೂ ನಿಜ ಹೇಳಬೇಕು ಎಂದುಕೊಂಡೆ. ಅದನ್ನು ಕೇಳಿದರೆ ಅವನ ಎದೆಯ ಭಾರ ಇಳಿಯುತ್ತದೆ ಎಂದು ದಾರಿಯುದ್ದಕ್ಕೂ ನಂಬಿದ್ದೆ. ನಿಜ ಹೇಳಬೇಕೆಂದರೆ, ಅವನು ನನ್ನ ತಲೆ ಸವರುತ್ತಾನೆ ಎಂದೂ ಅಂದುಕೊಂಡಿದ್ದೆ.

ತೋಟದ ಅಂಚಿನಲ್ಲಿ ಲಾರಿ ನಿಂತಿತ್ತು. ಅಪ್ಪ ಹೆಗಲ ಮೇಲೆ ಗೋಣಿ ಹಾಕಿಕೊಂಡು ಗೊನೆ ಹೊತ್ತು ತರುತ್ತಿದ್ದ. ಬಾಳೆಯ ಸೊನೆ ಹತ್ತಿ ಅಂಗಿ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು ಗಾಬರಿಯಾದ.

"ಅವ್ವಗ ಏನರ ಆತೇನು?"

"ಇಲ್ಲಪ್ಪ. ಅವ್ವ ಆರಾಮ ಅದಾಳ." ಅಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸಿಂಬಿ ಸುತ್ತಿದ್ದು, ನೀರು ಇಳಿದದ್ದು, ಆಂಟೆನಾ ಇಲ್ಲದಿದ್ದರೂ ಮೀಟರ್ ಚೆನ್ನಾಗಿ ತೋರಿಸಿದ್ದು, ಹೊಸ ಕೇಬಲ್ಲಿನಿಂದ ಕೆಳಗಿನ ಮಾತು ಮೇಲೆ ಮುಟ್ಟಿದ್ದು. "ನೀ ಒದರಿದ್ದು ಖರೇನಪ್ಪಾ. ಅದು ಕೇಬಲ್ಲಿನಾಗs ಸತ್ತು ಹೋಗೈತಿ. ನೀ ಮಲಗಿದ್ದಿಲ್ಲ."

ಅಪ್ಪ ಗೋಣಿಯಿಂದ ಮುಖ ಒರೆಸಿಕೊಂಡ. ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಗಣಿ ಮಂದಿ ಬಿಡು," ಎಂದ. "ನಾ ಮಲಗಿದ್ದಿಲ್ಲ ಅಂತ ನಿಂಗ ಈಗ ಗೊತ್ತಾತೇನವ್ವಾ?"

ಹೌದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಪ್ಪ ಗೋಣಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಬಸ್ಸು ಹೊರಡುವ ಹೊತ್ತಾಯಿತು, ನೀನು ಹೋಗು ಎಂದು ಹೇಳಿ ತೋಟದೊಳಕ್ಕೆ ನಡೆದ.